ಆರಡಿ ಬೋರ್ಡ್ ಅರ್ಧ ಬೆಲೆಗೆ ಸಿಗ್ತಿದೆ, ತಗೊಳ್ಳಲಾ?

ಪ್ರಶ್ನೆ: ಮೂಲ್ಕಿಯಲ್ಲಿ ಮೂರು ದಿನ ಸರ್ಫಿಂಗ್ ಕಲಿತು ಬಂದೆ ಸರ್, ಹುಚ್ಚು ಹಿಡಿದುಬಿಟ್ಟಿದೆ. ವಯಸ್ಸು 27, ತೂಕ 78 ಕೆ.ಜಿ. ಬೆಂಗಳೂರಿನ ಗೆಳೆಯ ತನ್ನ ಹಳೇ ಬೋರ್ಡನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂತಿದ್ದಾನೆ. ಆರಡಿ ಉದ್ದ, ಚೂಪು ಮೂತಿ, 30 ಲೀಟರ್ ಅಂತ ಬರೆದಿದೆ. ತಗೊಳ್ಳಲಾ? (ವಿದ್ಯಾನಗರ, ದಾವಣಗೆರೆ)

ಉತ್ತರ: ಬೇಡ. ಗೆಳೆಯನಿಗೆ ಬೇಜಾರಾದರೂ ಆಗಲಿ, ಬೇಡ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ನನ್ನ ಮೊದಲ ಬೋರ್ಡ್ ಆರಡಿ ಎರಡಿಂಚು. ಅಂಗಡಿಯವರು "ನಾಳೆ ಕಲಿತ ಮೇಲೆ ಇದೇ ಬೇಕಾಗುತ್ತೆ, ಈಗಲೇ ತಗೊಂಡುಬಿಡಿ" ಅಂದರು, ನಾನೂ ತಲೆ ಆಡಿಸಿದೆ. ಐದು ದಿನ ಕಡಲಲ್ಲಿ ಒದ್ದಾಡಿದರೂ ಒಂದೇ ಒಂದು ಸಲ ನೆಟ್ಟಗೆ ನಿಲ್ಲೋಕೆ ಆಗಲಿಲ್ಲ. ಮನೆಗೆ ತಂದು ಗೋಡೆಗೆ ಒರಗಿಸಿಟ್ಟೆ. ಏಪ್ರಿಲ್‌ನಲ್ಲಿ ಅಮ್ಮ ಅದನ್ನು ಮಹಡಿಗೆ ಹೊತ್ತೊಯ್ದು, ಮೇಲೊಂದು ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದರು. ನಮ್ಮೂರ ಬಿಸಿಲು ಗೊತ್ತಲ್ಲ, ಮೂರನೇ ದಿನಕ್ಕೆ ಬೋರ್ಡಿನ ಮೇಲ್ಪದರ ಪೂರಿ ಥರ ಉಬ್ಬಿಕೊಂಡಿತ್ತು. ಒಳಗಿನ ಗಾಳಿ ಕಾದು ಹಿಗ್ಗಿದರೆ ಫೋಮಿನಿಂದ ಹೊದಿಕೆ ಹೀಗೆ ಕಿತ್ತು ಬರುತ್ತೆ. ಸಂಡಿಗೆ ಮಾತ್ರ ಚೆನ್ನಾಗಿ ಒಣಗಿತ್ತು.

ಈಗ ಆ 30 ಲೀಟರ್ ವಿಷಯಕ್ಕೆ ಬರೋಣ. ಬೋರ್ಡನ್ನು ಪೂರ್ತಿ ಮುಳುಗಿಸಿದರೆ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತೋ ಅದೇ ಆ ಲೆಕ್ಕ, ಒಂದು ಲೀಟರ್ ನೀರು ಅಂದರೆ ಹೆಚ್ಚೂಕಮ್ಮಿ ಒಂದು ಕೆ.ಜಿ. ಅದರ ಮೇಲೆ 78 ಕೆ.ಜಿ. ಆಳು ಬೋರಲು ಮಲಗಿದರೆ ಬೋರ್ಡ್ ನೀರೊಳಗೆ ಇಳಿದುಬಿಡುತ್ತೆ, ಎದೆಯೂ ಅರ್ಧ ನೀರಲ್ಲಿ. ಕೈಯಲ್ಲಿ ಎಷ್ಟು ನೀರು ಹಿಂದಕ್ಕೆ ಎಳೆದರೂ ವೇಗ ಬರಲ್ಲ. ತೆರೆ ಹಿಡಿಯೋದು ಅಂದರೆ ಅದು ಹಿಂದಿನಿಂದ ಬಂದು ಎತ್ತುವಾಗ ನೀವೂ ಅದರ ವೇಗಕ್ಕೆ ಹತ್ತಿರ ಇರಬೇಕು, ಇಲ್ಲದಿದ್ದರೆ ಅದು ಕೆಳಗಿನಿಂದ ಜಾರಿ ಮುಂದೆ ಹೋಗುತ್ತೆ. ಪಳಗಿದವರು ಅದೇ 30 ಲೀಟರಲ್ಲಿ ಹಾರಾಡುತ್ತಾರೆ ನಿಜ. ಅವರ ತೋಳು ಬೇರೆ, ತೆರೆ ಕಡಿದಾಗಿ ಮುರಿಯುವ ಜಾಗಕ್ಕೇ ಹೋಗಿ ಕೂತಿರುತ್ತಾರೆ, ಎದ್ದು ನಿಲ್ಲೋಕೆ ಅರೆಕ್ಷಣ ಸಾಕು. ನಿಮಗೂ ನನಗೂ ಅಷ್ಟು ಸಾಲಲ್ಲ.

ಹೊಸಬರಿಗೆ ನಾನು ಹೇಳುವ ಲೆಕ್ಕ ಇಷ್ಟೇ: ನಿಮ್ಮ ತೂಕ ಎಷ್ಟು ಕೆ.ಜಿ.ಯೋ ಕನಿಷ್ಠ ಅಷ್ಟು ಲೀಟರ್. ನಿಮಗಾದರೆ 80ರಿಂದ 90. ಅಂದರೆ ಎಂಟೂವರೆ, ಒಂಬತ್ತು ಅಡಿಯ ಫೋಮ್ ಬೋರ್ಡ್, ಸಾಫ್ಟ್‌ಟಾಪ್ ಅಂತಾರಲ್ಲ, ಅದು. ಮೂಲ್ಕಿಯಲ್ಲಿ ನಿಮ್ಮ ಕೈಗೆ ಕೊಟ್ಟಿದ್ದೂ ಬಹುಶಃ ಅದನ್ನೇ. ಅಗಲ 22 ಇಂಚಿಗೆ ಕಮ್ಮಿ ಬೇಡ, ದಪ್ಪ ಮೂರು ಇಂಚಿನ ಆಸುಪಾಸು ಇರಲಿ. ಕಿರಿದಾದ ಬೋರ್ಡ್ ಮೇಲೆ ಹೊಸಬರು ನಿಲ್ಲೋದು ಒಂದೇ, ಮಳೆ ಬಂದ ಮೇಲೆ ಗದ್ದೆ ಬದುವಿನ ಮೇಲೆ ಓಡೋದೂ ಒಂದೇ. ಅದೂ ಅಲ್ಲದೆ ಬಿದ್ದಾಗ ಬೋರ್ಡ್ ತಿರುಗಿ ಬಂದು ನಿಮಗೇ ಬಡಿಯುತ್ತೆ, ಆಗ ಫೋಮಿನ ಮೆತ್ತನೆ ಮೈಗೂ ಗಟ್ಟಿ ಫೈಬರಿನ ಚೂಪು ಮೂತಿಗೂ ವ್ಯತ್ಯಾಸ ಗೊತ್ತಾಗುತ್ತೆ. ಕಾಲಿಗೆ ಕಟ್ಟುವ ಲೀಶ್ ಹತ್ತಿರಹತ್ತಿರ ಬೋರ್ಡಿನಷ್ಟೇ ಉದ್ದ ಇರಬೇಕು, ಗಿಡ್ಡ ಇದ್ದಷ್ಟೂ ಏಟು ಜಾಸ್ತಿ.

ನನ್ನ ಕೇಳಿದರೆ ಈಗಲೇ ಯಾವುದನ್ನೂ ಕೊಳ್ಳಬೇಡಿ. ಒಂಬತ್ತಡಿ ಬೋರ್ಡನ್ನು ಕಾರಿನ ತಲೆಗೆ ಬಿಗಿದು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯೋದು ಎಷ್ಟು ಸಲ ಆಗುತ್ತೆ ಹೇಳಿ? ಅಲ್ಲೇ ಬಾಡಿಗೆಗೆ ತಗೊಳ್ಳಿ. ಮುರಿದ ನೊರೆಯಲ್ಲಿ ಯಾರೋ ಹಿಂದಿನಿಂದ ತಳ್ಳಿದಾಗ ನಿಲ್ಲೋದು ಲೆಕ್ಕಕ್ಕಿಲ್ಲ. ಇನ್ನೂ ಮುರಿಯದ ತೆರೆಯನ್ನು ನೀವೇ ಕೈ ಹೊಡೆದು ಹಿಡಿಯೋಕೆ ಬಂದಾಗ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಕಡಲಿಗೆ ಹೋಗ್ತೀನಿ. ಎಂಟಡಿ ಫೋಮ್ ಬೋರ್ಡಲ್ಲಿ ಮುರಿಯದ ತೆರೆ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸ್ತೀನಿ. ತೂಕ 52 ಕೆ.ಜಿ. ಇನ್ನು ಶಾರ್ಟ್‌ಬೋರ್ಡಿಗೆ ಹೋಗಬಹುದಾ? (ಚಿತ್ರದುರ್ಗ)

ಉತ್ತರ: ಮೇಡಂ, ಬೋರ್ಡ್ ಬದಲಿಸುವ ಹೊತ್ತು ಬಂದಿದೆ, ಆದರೆ ಒಂದೇ ಸಲಕ್ಕೆ ಎರಡಡಿ ಇಳಿಯಬೇಡಿ. ಮಿಡ್‌ಲೆಂತ್ ಅಂತ ಸಿಗುತ್ತೆ, ಫನ್‌ಬೋರ್ಡ್ ಅಂತಲೂ ಕರೀತಾರೆ. ಏಳರಿಂದ ಏಳೂವರೆ ಅಡಿ, ಮೂತಿ ದುಂಡಗೆ, ನಿಮಗೆ 42ರಿಂದ 46 ಲೀಟರ್ ಸಾಕು. ತೆರೆಯನ್ನು ಬೇಗ ಹಿಡಿಯುತ್ತೆ, ಫೋಮ್ ಬೋರ್ಡಿನ ಹಾಗೆ ಎಮ್ಮೆ ಥರ ಹಟ ಮಾಡದೆ ಹೇಳಿದ ಕಡೆ ತಿರುಗುತ್ತೆ.

ಮಳೆಗಾಲ ಬಿಟ್ಟರೆ ನಮ್ಮ ಕರಾವಳಿಯ ತೆರೆಗಳು ಸಾಮಾನ್ಯವಾಗಿ ಸಣ್ಣವು, ಬಲವೂ ಕಮ್ಮಿ. ಮಳೆಗಾಲದಲ್ಲಿ ಕಡಲಿಗೆ ಇಳಿಯೋದು ನಮ್ಮಂಥವರ ಕೆಲಸ ಅಲ್ಲ. ಹಾಗಾಗಿ ತೆಳ್ಳನೆ ಶಾರ್ಟ್‌ಬೋರ್ಡ್ ತಗೊಂಡರೆ ವರ್ಷದ ಬಹುಪಾಲು ಅದರ ಮೇಲೆ ಸುಮ್ನೆ ಕೂತು ತೆರೆ ಕಾಯಬೇಕಾಗುತ್ತೆ. ಮುಂದೆ ಗಿಡ್ಡ ಬೋರ್ಡೇ ಬೇಕು ಅನಿಸಿದರೂ ಮೊದಲು ಫಿಶ್ ನೋಡಿ. ಆರಡಿಗಿಂತ ಚಿಕ್ಕದು, ಆದರೆ ಅಗಲ, ಬಾಲ ಮೀನಿನ ಹಾಗೆ ಸೀಳಿರುತ್ತೆ, ಸಣ್ಣ ತೆರೆಯಲ್ಲೂ ಓಡುತ್ತೆ. ಫಿನ್, ಅಂದರೆ ಬೋರ್ಡಿನ ಅಡಿಯಲ್ಲಿ ಬಾಲದ ಕಡೆ ಇರುವ ರೆಕ್ಕೆ, ಎಷ್ಟಿರಬೇಕು ಅಂತ ಈಗ ತಲೆ ಕೆಡಿಸಿಕೊಳ್ಳಬೇಡಿ. ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ 1980ರಲ್ಲಿ ಮಾಡಿದ ಮೂರು ಫಿನ್‌ಗಳ ಜೋಡಣೆಯೇ ಇವತ್ತಿಗೂ ಹೆಚ್ಚಿನ ಬೋರ್ಡ್‌ಗಳಲ್ಲಿದೆ, ಅದೇ ಇರಲಿ. ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತಗೊಂಡು ನೋಡಿ. ಹತ್ತು ತೆರೆಗೆ ಕೈ ಹೊಡೆದರೆ ಅರ್ಧವಾದರೂ ಸಿಗಬೇಕು, ಇಲ್ಲಾಂದ್ರೆ ಆ ಬೋರ್ಡ್ ನಿಮಗೆ ಇನ್ನೂ ಚಿಕ್ಕದು.

ಪ್ರಶ್ನೆ: ಮಗನಿಗೆ 12 ವರ್ಷ, ಸರ್ಫಿಂಗ್ ಬೋರ್ಡ್ ಕೊಡಿಸು ಅಂತ ಗಂಟು ಬಿದ್ದಿದ್ದಾನೆ. ಇಲ್ಲೇ ಸೂಳೆಕೆರೆಯಲ್ಲಿ ಅಭ್ಯಾಸ ಮಾಡಿಸಬಹುದಾ? (ಚನ್ನಗಿರಿ)

ಉತ್ತರ: ಸೂಳೆಕೆರೆ ಎಷ್ಟೇ ದೊಡ್ಡದಿದ್ದರೂ ಕೆರೆ ಕೆರೆಯೇ ಅಣ್ಣ. ಗಾಳಿಗೆ ಏಳುವ ಅಲೆಗೆ ಆಳನ್ನು ಹೊತ್ತು ಓಡುವ ಬಲ ಇರಲ್ಲ. ಕೆಸರು, ಜೊಂಡು, ಆಳ ಎಲ್ಲಿ ಶುರುವಾಗುತ್ತೆ ಅಂತ ದಡದಿಂದ ಕಾಣಲ್ಲ, ಹುಡುಗನನ್ನು ಇಳಿಸಲೇಬೇಡಿ. ಮೊದಲು ಈಜುಕೊಳಕ್ಕೆ ಸೇರಿಸಿ. ಬೋರ್ಡ್ ಮೇಲೆ ಏಳೋದನ್ನು ಮನೆಯ ಚಾಪೆ ಮೇಲೇ ಕಲಿಸಬಹುದು. ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಪಕ್ಕ ಊರಿ, ದಂಡ ಹೊಡೆಯುವ ಹಾಗೆ ಎದೆ ಎತ್ತಿ, ಅದೇ ಬೀಸಿನಲ್ಲಿ ಎರಡೂ ಪಾದ ಹೊಟ್ಟೆಯ ಕೆಳಗೆ ತಂದು ಅಡ್ಡ ನಿಲ್ಲಬೇಕು. ಮೊಣಕಾಲು ಊರಿ ಏಳುವ ಚಟ ಮಾತ್ರ ಹತ್ತಬಾರದು, ಆಮೇಲೆ ಬಿಡಿಸೋದು ಕಷ್ಟ. ಗರಡಿಮನೆಗೆ ಹೋಗುವ ಹುಡುಗನಾದರೆ ವಾರದಲ್ಲಿ ಕಲಿತಾನೆ. ಬೋರ್ಡ್ ಕೊಡಿಸೋದು ಬೇಡ, ವರ್ಷಕ್ಕೆ ಎರಡಿಂಚು ಬೆಳೆಯುವ ವಯಸ್ಸು.

ಪ್ರಶ್ನೆ: ಬೋರ್ಡಿಗೆ ಉಜ್ಜುವ ವ್ಯಾಕ್ಸ್ ದುಬಾರಿ. ಮನೆಯ ಮೇಣದಬತ್ತಿ ಉಜ್ಜಿದರೆ ನಡೆಯಲ್ವಾ? (ಚಿತ್ರದುರ್ಗ)

ಉತ್ತರ: ಹಿಂದಿನವರು ಉಜ್ಜುತ್ತಿದ್ದರು. ಆದರೆ ಬರೀ ಮೇಣ ಗಟ್ಟಿ, ಪಾದಕ್ಕೆ ಅಂಟುವ ಗುಣ ಕಮ್ಮಿ. ವ್ಯಾಕ್ಸ್ ಕೊಳ್ಳುವಾಗ ಬೆಚ್ಚನೆ ನೀರಿಗೆ ಅಂತ ಬರೆದಿರೋದನ್ನೇ ಕೇಳಿ ತಗೊಳ್ಳಿ, ತಣ್ಣೀರಿನ ವ್ಯಾಕ್ಸ್ ನಮ್ಮ ಕಡಲಲ್ಲಿ ಕರಗಿ ಜಾರುತ್ತೆ. ಯಾವುದೇ ಆದರೂ ಕಾರಿನ ಮುಂದಿನ ಗಾಜಿನ ಹತ್ತಿರ ಇಡಬೇಡಿ, ಹೊಳಲ್ಕೆರೆ ದಾಟುವಷ್ಟರಲ್ಲಿ ತುಪ್ಪ ಆಗಿರುತ್ತೆ.