ಟಕ್ ಅಂದಿದ್ದನ್ನು ಲಾಕ್ ಅಂದುಕೊಂಡಿದ್ದೆ

‘ಲಾಕ್ ಇಲ್ಲದ ಹಳೇ ಮಾದರಿಯ ಮಡಚು ಚಾಕು ದಿನಾ ಜೇಬಲ್ಲಿಟ್ಟುಕೊಳ್ಳಬೇಕು ಅಂತಿದ್ದೀನಿ, ಸ್ಪ್ರಿಂಗ್ ಆದಷ್ಟು ಗಟ್ಟಿ ಇರೋದೇ ತಗೊಂಡರೆ ಬೆರಳಿಗೆ ಅಪಾಯ ಇರಲ್ಲ ತಾನೇ? ಕಾರ್ಬನ್ ಸ್ಟೀಲಾ, ಸ್ಟೇನ್‌ಲೆಸ್ಸಾ?’ ಅಂತ ಕೇಳಿದ್ದೀರಿ. ಓದುತ್ತಲೇ ನನ್ನ ಬಲಗೈ ತೋರುಬೆರಳನ್ನು ಒಮ್ಮೆ ಮಡಚಿ ನೋಡಿಕೊಂಡೆ. ಆರು ವರ್ಷದ ಹಿಂದೆ ಇದೇ ಪ್ರಶ್ನೆ ನನಗೂ ಬಂದಿತ್ತು. ಯಾರನ್ನೂ ಕೇಳದೆ ‘ಹೌದು, ಗಟ್ಟಿ ಇದ್ದರೆ ಸಾಕು’ ಅಂತ ನಾನೇ ಉತ್ತರ ಕೊಟ್ಟುಕೊಂಡಿದ್ದೆ. ಈಗ ಆ ಬೆರಳಿನ ತುದಿಗೆಣ್ಣು ಅರ್ಧ ಮಾತ್ರ ಬಗ್ಗುತ್ತದೆ.

ಅದಕ್ಕೂ ಮುಂಚೆ ನಾಲ್ಕು ವರ್ಷ ನನ್ನ ಹತ್ತಿರ ಇದ್ದದ್ದು ಲಾಕ್ ಇರುವ ಚಾಕು, ಅಂದರೆ ತೆರೆದ ಅಲಗು ಮಡಚಿಕೊಳ್ಳದ ಹಾಗೆ ಚಿಲಕ ಬೀಳುವಂಥದ್ದು. ಒಂದೇ ಕೈಯಲ್ಲಿ, ಹೆಬ್ಬೆರಳಿಂದ ತಳ್ಳಿ ಬಿಚ್ಚುವಂಥದ್ದು. ಕೆಲಸಕ್ಕೇನೋ ಚೆನ್ನಾಗಿಯೇ ಇತ್ತು. ಆದರೆ ಒಂದು ದಿನ ಆಫೀಸಲ್ಲಿ ಪಾರ್ಸೆಲ್ ಬಿಚ್ಚೋಣ ಅಂತ ಅದನ್ನು ಚಟ್ಟನೆ ತೆರೆದೆ. ಪಕ್ಕದ ಟೇಬಲ್‌ನವರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡರು. ಏನೂ ಮಾತಾಡಲಿಲ್ಲ. ಆದರೂ ಪಾರ್ಸೆಲ್ ಬಿಚ್ಚುವಷ್ಟರಲ್ಲಿ ನಾನು ಬೆವತುಬಿಟ್ಟಿದ್ದೆ. ಅದೇ ವಾರ ಸ್ಲಿಪ್‌ಜಾಯಿಂಟ್ ಕಡೆಗೆ, ಅಂದರೆ ಲಾಕ್ ಇಲ್ಲದೆ ಬರೀ ಸ್ಪ್ರಿಂಗಿನ ಬಿಗಿಯಲ್ಲಿ ಅಲಗು ನಿಲ್ಲುವ ಚಾಕುವಿನ ಕಡೆಗೆ, ತಿರುಗಿದೆ.

ಕೊಂಡದ್ದು ಸ್ಟಾಕ್‌ಮನ್ ಅನ್ನುವ ಮಾದರಿ. ಮಡಚಿದಾಗ ಸುಮಾರು ಹತ್ತು ಸೆಂಟಿಮೀಟರ್, ಒಳಗೆ ಮೂರು ಅಲಗು. ಮೊನಚು ತುದಿಯದು ಕ್ಲಿಪ್, ನೇರ ಬಾಯಿಯ ಮೊಂಡು ತುದಿಯದು ಶೀಪ್ಸ್‌ಫುಟ್, ಗುಂಡು ತುದಿಯ ಚಿಕ್ಕದು ಸ್ಪೇ. ಎರಡೂ ಕೈ ಬೇಕು. ಅಲಗಿನ ಮೇಲಿರುವ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ನಿಧಾನ. ಆ ನಿಧಾನದಲ್ಲೇ ಎದುರಿಗಿದ್ದವರ ಹೆದರಿಕೆ ಇಳಿದುಹೋಗುತ್ತದೆ. ಹಿಂದೆ ಸರಿದಿದ್ದವರೇ ‘ಇದು ನಿಮ್ಮ ತಾತನದಾ?’ ಅಂತ ಕೈಗೆ ತಗೊಂಡು ನೋಡಿದರು. ಅಲ್ಲ, ಹಿಂದಿನ ವಾರ ತಗೊಂಡಿದ್ದು ಅನ್ನೋಕೆ ಮನಸ್ಸು ಬರಲಿಲ್ಲ.

ಪೂರ್ತಿ ತೆರೆದಾಗ ಅದು ‘ಟಕ್’ ಅನ್ನುತ್ತಿತ್ತು. ಈ ಚಾಕುಗಳ ಹುಚ್ಚು ಹಿಡಿದವರು ಅಲಗು ತಿರುಗುವ ನಯಕ್ಕೆ ನಡಿಗೆ ಅಂತಲೂ, ಆ ಶಬ್ದಕ್ಕೆ ಮಾತು ಅಂತಲೂ ಹೆಸರಿಟ್ಟಿದ್ದಾರೆ. ನನ್ನದಕ್ಕೆ ಒಳ್ಳೇ ಮಾತಿತ್ತು. ಅಲಗು ಬಿಚ್ಚುವಾಗಿನ ಎಳೆತದ ಬಿಗಿಯನ್ನು ಅವರು ಒಂದರಿಂದ ಹತ್ತರವರೆಗೆ ಅಂಕಿ ಕೊಟ್ಟು ಅಳೆಯುತ್ತಾರೆ. ನನ್ನದು ಏಳಿತ್ತು. ಏಳು ಅಂದರೆ ಗಟ್ಟಿ, ಗಟ್ಟಿ ಅಂದರೆ ಭದ್ರ ಅಂತ ನನ್ನ ತರ್ಕ. ನಿಮ್ಮ ಪ್ರಶ್ನೆಯಲ್ಲೂ ಇರುವುದು ಅದೇ.

ಎಂಟು ತಿಂಗಳು ಏನೂ ಆಗಲಿಲ್ಲ. ಟೇಪು, ದಾರ, ಲಕೋಟೆ, ಪೆನ್ಸಿಲ್, ಅಂಗಿಯಿಂದ ಹೊರಗಿಣುಕಿದ ನೂಲು. ಎಲ್ಲದರಲ್ಲೂ ಅಲಗಿನ ಬಾಯಿ ಕೆಳಗೆ, ಒತ್ತಡ ಕೆಳಕ್ಕೆ. ಹಾಗೆ ಒತ್ತಿದಷ್ಟೂ ಅಲಗು ಇನ್ನೂ ಬಿಗಿಯಾಗಿ ತೆರೆದೇ ನಿಲ್ಲುತ್ತದೆ. ಆ ಕೆಲಸಗಳಿಗೆ ಸ್ಪ್ರಿಂಗ್ ಸಡಿಲವಿದ್ದರೂ ನಡೆಯುತ್ತಿತ್ತು ಅನ್ನುವುದು ಆಗ ಹೊಳೆಯಲಿಲ್ಲ. ಎಂಟು ತಿಂಗಳ ಭದ್ರತೆಯ ಶ್ರೇಯಸ್ಸನ್ನೆಲ್ಲ ಆ ಏಳಕ್ಕೇ ಕೊಟ್ಟುಬಿಟ್ಟೆ.

ಆಮೇಲೆ ಚೀಲದ ಪಟ್ಟಿ ಬಂತು. ದಪ್ಪ ಚರ್ಮದ ಪಟ್ಟಿ, ಇನ್ನೊಂದು ತೂತು ಬೇಕಿತ್ತು. ದಬ್ಬಳ ಎಲ್ಲಿಟ್ಟಿದ್ದೇನೋ ಸಿಗಲಿಲ್ಲ. ಕ್ಲಿಪ್ ಅಲಗು ತೆರೆದೆ, ಟಕ್ ಅಂತು. ಪಟ್ಟಿಯನ್ನು ಹಲಗೆ ಮೇಲಿಟ್ಟು, ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಮೊನೆ ಊರಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಅರ್ಧ ಚರ್ಮ ದಾಟಿ ಮೊನೆ ಕಚ್ಚಿಕೊಂಡಿತು. ತೂತು ಅಗಲವಾಗಲಿ ಅಂತ ಮುಷ್ಟಿಯನ್ನು ಸ್ವಲ್ಪ, ಸ್ವಲ್ಪವೇ, ಓರೆ ಮಾಡಿದೆ. ಮೊನೆ ಇದ್ದಲ್ಲೇ ಇತ್ತು, ಹಿಡಿ ಬಗ್ಗಿತು. ಮುಚ್ಚುವಾಗಲೂ ಆ ಚಾಕು ಟಕ್ ಅನ್ನಬೇಕು. ಅವತ್ತು ಅನ್ನಲಿಲ್ಲ. ನಡುವೆ ನನ್ನ ಬೆರಳಿತ್ತು.

ನೋವು ಮೊದಲು ಬರಲಿಲ್ಲ. ರಕ್ತ ಒತ್ತಿ ಹಿಡಿದು, ಬಟ್ಟೆ ಸುತ್ತಿ, ಬೆರಳು ಮಡಚಿ ನೋಡಿದೆ. ಬುಡ ಬಗ್ಗಿತು, ನಡುಗೆಣ್ಣು ಬಗ್ಗಿತು, ತುದಿ ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಬೆರಳು ಮಡಚುವುದಕ್ಕೆ ಅಂಗೈ ಕಡೆಯಿಂದ ಎರಡು ಸ್ನಾಯುರಜ್ಜು ಹೋಗುತ್ತವಂತೆ. ಮೇಲಿನದು ನಡುಗೆಣ್ಣಿಗೆ, ಆಳದ್ದು ತುದಿಗೆ. ನನ್ನದು ಆಳದ್ದೇ ಕತ್ತರಿಸಿತ್ತು, ಜೊತೆಗೆ ಒಂದು ಬದಿಯ ನರ. ಶಸ್ತ್ರಚಿಕಿತ್ಸೆ, ಆರು ವಾರ ಪಟ್ಟಿ ಕಟ್ಟಿದ ಕೈ, ಹನ್ನೆರಡು ವಾರ ಭಾರ ಎತ್ತುವ ಹಾಗಿಲ್ಲ. ಎಡಗೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುವುದನ್ನು ಕಲಿತೆ.

ಈಗ ತಪ್ಪಿನ ವಿಷಯ. ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಇದನ್ನು ಸರಿಯಾಗಿ ಗುರುತಿಸೋಕೆ ನನಗೇ ಒಂದು ವರ್ಷ ಹಿಡಿಯಿತು.

ಮೊದಲು ಸ್ಪ್ರಿಂಗ್ ಕಳಪೆ ಅಂದುಕೊಂಡೆ. ಕೈ ವಾಸಿಯಾದ ಮೇಲೆ, ಬುದ್ಧಿ ವಾಸಿಯಾಗದೆ, ಒಂಬತ್ತರ ಎಳೆತದ ಇನ್ನೊಂದು ಚಾಕು ತಂದೆ. ಎರಡನೇ ದಿನವೇ ಉಗುರು ಮುರಿಯಿತು. ಅರ್ಧ ತೆರೆದಿದ್ದ ಅಲಗು ಉಗುರಿಂದ ಜಾರಿ ಇಲಿಬೋನಿನ ಬಾಗಿಲಿನ ಹಾಗೆ ಮುಚ್ಚಿಕೊಂಡು ಎಡಗೈ ಹೆಬ್ಬೆರಳನ್ನೂ ಗೀರಿತು. ಗಟ್ಟಿ ಸ್ಪ್ರಿಂಗ್ ಅಂದರೆ ಗಟ್ಟಿಯಾಗಿ ಮುಚ್ಚಿಕೊಳ್ಳುವುದು ಕೂಡ ಹೌದು ಅಂತ ಆವತ್ತು ಗೊತ್ತಾಯಿತು.

ಆಮೇಲೆ ಕೂತು ಆ ಚಾಕುವನ್ನು ಹತ್ತಿಪ್ಪತ್ತು ಸಲ ನಿಧಾನವಾಗಿ ತೆರೆದು ಮುಚ್ಚಿ ನೋಡಿದೆ. ಇದರಲ್ಲಿ ಯಂತ್ರ ಅಂತ ಇರುವುದೇ ಇಷ್ಟು: ಅಲಗಿನ ಬುಡ ಒಂದು ಪಿನ್ನಿನ ಮೇಲೆ ತಿರುಗುತ್ತದೆ, ಹಿಡಿಯ ಬೆನ್ನಿನುದ್ದಕ್ಕೂ ಇರುವ ಉಕ್ಕಿನ ಪಟ್ಟಿ ಆ ಬುಡವನ್ನು ಒತ್ತಿಕೊಂಡಿರುತ್ತದೆ. ಬುಡದಲ್ಲಿ ಚಪ್ಪಟೆ ಜಾಗಗಳಿವೆ. ಪಟ್ಟಿ ಚಪ್ಪಟೆಯ ಮೇಲೆ ಕೂತಾಗ ಅಲಗು ನಿಲ್ಲುತ್ತದೆ, ನಡುವಿನ ಮೂಲೆ ಬಂದಾಗ ಪಟ್ಟಿ ಎದ್ದು ದಾರಿ ಬಿಡುತ್ತದೆ. ಟಕ್ ಅನ್ನುವುದು ಪಟ್ಟಿ ಚಪ್ಪಟೆಯ ಮೇಲೆ ಬಿದ್ದ ಶಬ್ದ. ಬಾಗಿಲು ಮುಂದಕ್ಕೆ ಮಾಡಿದ ಹಾಗೆ, ಚಿಲಕ ಹಾಕಿಲ್ಲ. ಲಾಕಿನ ಚಾಕುವಿನಲ್ಲಿ ನಾಲ್ಕು ವರ್ಷ ಕೇಳಿದ್ದ ಶಬ್ದವೂ ಹೆಚ್ಚುಕಡಿಮೆ ಹೀಗೇ ಇತ್ತು. ಅಲ್ಲಿ ಅದರ ಅರ್ಥ ‘ಚಿಲಕ ಬಿತ್ತು’. ಚಾಕು ಬದಲಾಯಿಸಿದೆ, ಕಿವಿ ಬದಲಾಯಿಸಲಿಲ್ಲ. ಟಕ್ ಕೇಳಿದ ತಕ್ಷಣ ಮುಷ್ಟಿ ಹಳೇ ಧೈರ್ಯದಲ್ಲಿ ಬಿಗಿಯುತ್ತಿತ್ತು. ನನ್ನ ತಪ್ಪು ಚರ್ಮಕ್ಕೆ ತೂತು ಕೊರೆದ ದಿನ ಆದದ್ದಲ್ಲ, ಎಂಟು ತಿಂಗಳು ದಿನಾ ಆಗುತ್ತಿತ್ತು. ಅವತ್ತು ಬಿಲ್ ಬಂತು ಅಷ್ಟೆ.

ಇನ್ನು ಆ ಅಂಕಿಯ ಮೋಸ. ಏಳು, ಒಂಬತ್ತು ಅನ್ನುವುದು ಮುಚ್ಚಿದ ಅಲಗನ್ನು ತೆರೆಯುವಾಗ ಉಗುರಿಗೆ ಎಷ್ಟು ಭಾರ ಬೀಳುತ್ತದೆ ಅನ್ನುವ ಅಂದಾಜು. ತೆರೆದ ಅಲಗು ಮುಚ್ಚದೆ ಎಷ್ಟು ಹೊತ್ತು ಹಟ ಹಿಡಿಯುತ್ತದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಹೇಳಿದ್ದರೂ ಸನ್ನೆಕೋಲಿನ ಲೆಕ್ಕದ ಮುಂದೆ ಅದು ನಿಲ್ಲುತ್ತಿರಲಿಲ್ಲ. ಪಿನ್ನಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅಲಗಿನ ಬೆನ್ನು ಒತ್ತಿ ಮುಚ್ಚಲು ಎಷ್ಟು ಬಲ ಬೇಕೋ, ಏಳು ಸೆಂಟಿಮೀಟರ್ ಆಚೆ, ಮೊನೆಯ ಹತ್ತಿರ, ಅದರ ಏಳನೇ ಒಂದು ಭಾಗ ಸಾಕು. ನಾನು ಎಲ್ಲಾ ಬಲ ಹಾಕಿದ್ದು ಮೊನೆಯಲ್ಲೇ. ಚರ್ಮ ಮೊನೆಯನ್ನು ಬಿಗಿಯಾಗಿ ಹಿಡಿದಿತ್ತು, ನನ್ನ ಮುಷ್ಟಿ ಸನ್ನೆಕೋಲಾಯಿತು. ಅಂಥ ಜಾಗದಲ್ಲಿ ಏಳಾದರೇನು, ಹತ್ತಾದರೇನು?

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗಟ್ಟಿ ಸ್ಪ್ರಿಂಗ್ ಲಾಕಿಗೆ ಬದಲಿ ಅಲ್ಲ. ಹಾಗಂತ ಲಾಕ್ ಇಲ್ಲದಿರುವುದು ಕೊರತೆ ಅಂತಲೂ ಹೇಳುತ್ತಿಲ್ಲ. ಸ್ವಿಸ್ ಸೈನಿಕರ ಚಾಕು 1891ರಲ್ಲಿ ಶುರುವಾದಾಗ ಅದರ ಅಲಗಿಗೆ ಲಾಕ್ ಇರಲಿಲ್ಲ. ಲಾಕ್ ಬಂದದ್ದು 2008ರ ಮಾದರಿಗೆ. ಫ್ರಾನ್ಸಿನ ಒಪಿನೆಲ್ ಅನ್ನುವ ಮಡಚು ಚಾಕು 1890ರದ್ದು, ಅಲಗನ್ನು ಬಿಗಿಯುವ ಉಂಗುರ ಸೇರಿಸಿದ್ದು 1955ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಬೆನ್ನಿನ ಸ್ಪ್ರಿಂಗೂ ಇರಲಿಲ್ಲ, ಬರೀ ಮರದ ಹಿಡಿಯ ಬಿಗಿ. ಅಷ್ಟು ಕಾಲ ಬಳಸಿದವರೆಲ್ಲ ಬೆರಳು ಕಳೆದುಕೊಂಡು ಕೂರಲಿಲ್ಲ. ತಮ್ಮ ಕೈಯಲ್ಲಿರುವುದು ಮಡಚಿಕೊಳ್ಳುವ ವಸ್ತು ಅಂತ ಅವರ ಕೈಗೆ ಗೊತ್ತಿತ್ತು. ಬ್ರಿಟನ್ನಿನ 1988ರ ಕಾನೂನಿನಲ್ಲಂತೂ ಮೂರು ಇಂಚು ಮೀರದ, ಲಾಕ್ ಇಲ್ಲದ ಮಡಚು ಚಾಕುವನ್ನು ಕಾರಣ ಹೇಳದೆಯೇ ಜೇಬಲ್ಲಿಟ್ಟುಕೊಂಡು ಓಡಾಡಬಹುದು. ಲಾಕ್ ಇದ್ದರೆ ಕಾರಣ ಬೇಕು. ನಿಮ್ಮ ಊರಿನ ಕಾನೂನು ನೀವೇ ನೋಡಿಕೊಳ್ಳಿ. ವಿಮಾನ ಹತ್ತುವ ದಿನ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಏನು ತಗೊಳ್ಳಲಿ ಅಂದರೆ, ಮೊದಲ ಚಾಕು ಒಂದೇ ಅಲಗಿನದಾಗಿರಲಿ, ಅದೂ ಶೀಪ್ಸ್‌ಫುಟ್ ಆಗಿರಲಿ. ನೋಡೋಕೆ ಚೆನ್ನಾಗಿಲ್ಲ ಅನ್ನುತ್ತೀರಿ, ಗೊತ್ತು. ನಾನೂ ಅಂದಿದ್ದೆ. ಆದರೆ ಅದಕ್ಕೆ ಚುಚ್ಚುವ ಮೊನೆ ಇಲ್ಲ. ಮೊನೆ ಇಲ್ಲದಿದ್ದರೆ ಚುಚ್ಚುವ ಆಸೆಯೂ ಹುಟ್ಟುವುದಿಲ್ಲ. ಎಳೆತ ನಾಲ್ಕು ಐದು ಸಾಕು, ಒದ್ದೆ ಕೈಯಲ್ಲೂ ತೆರೆಯುವಂತಿರಬೇಕು. ಅರ್ಧದಲ್ಲಿ ನಿಲ್ಲುವಂಥದ್ದು ಸಿಕ್ಕರೆ ಬಿಡಬೇಡಿ. ಅಲಗು ಹಿಡಿಗೆ ಲಂಬವಾಗಿ ಬಂದಾಗ ಇನ್ನೊಂದು ಚಪ್ಪಟೆ ಜಾಗದ ಮೇಲೆ ಕೂತು ಒಂದು ಕ್ಷಣ ತಡೆಯುತ್ತದೆ. ಬೆರಳು ಹಿಂದಕ್ಕೆಳೆದುಕೊಳ್ಳೋಕೆ ಆ ಕ್ಷಣ ಸಾಲಬಹುದು. ನನ್ನ ಸ್ಟಾಕ್‌ಮನ್‌ನಲ್ಲಿ ಅದಿರಲಿಲ್ಲ. ಕೊಳ್ಳುವ ಅಂಗಡಿಯಲ್ಲೇ ಅಲಗನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಲಟಲಟ ಅಂದರೆ ವಾಪಸ್ ಕೊಡಿ.

ತೂತು ಕೊರೆಯೋಕೆ ದಬ್ಬಳ. ಡಬ್ಬಿ ಮುಚ್ಚಳ ಮೀಟೋಕೆ ಸ್ಕ್ರೂಡ್ರೈವರ್. ಇವೆರಡಕ್ಕೂ ಮಡಚು ಚಾಕು ಬೇಡ, ಲಾಕ್ ಇದ್ದರೂ ಬೇಡ. ಲಾಕೂ ಜಾರುವುದುಂಟು.

ಮುಚ್ಚುವಾಗ ಹಿಡಿಯನ್ನು ಎರಡೂ ಪಕ್ಕದಿಂದ ಹಿಡಿಯಿರಿ. ಅಲಗು ಬಂದು ಕೂರುವ ಸಂದಿನ ಮೇಲೆ ಒಂದು ಬೆರಳೂ ಇರಬಾರದು. ಇನ್ನೊಂದು ಅಂಗೈಯಿಂದ ಬೆನ್ನು ತಳ್ಳಿ. ಪ್ಯಾಂಟಿಗೆ ಒತ್ತಿ ಮುಚ್ಚುವ ಶೋಕಿ ಬೇಡ. ಆ ಸಂದಿನಲ್ಲಿ ಜೇಬಿನ ನೂಲುಕಸ ಸೇರಿ ಗಟ್ಟಿಯಾಗುತ್ತದೆ. ಆಗ ಅಲಗು ಪೂರ್ತಿ ಒಳಗೆ ಕೂರದೆ ಮೊನೆ ಇಣುಕಿ ನೋಡುತ್ತದೆ, ಜೇಬಿಗೆ ಕೈ ಹಾಕಿದವರ ಪಾಡು ಹೇಳಬೇಕಿಲ್ಲ. ಹಲ್ಲುಕಡ್ಡಿಯಿಂದ ಕೆದಕಿ ತೆಗೆದು, ಪಿನ್ನಿನ ಬಳಿ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಎರಡು ತೊಟ್ಟು ಹಾಕಿದರೆ ಕಸ ಇನ್ನೂ ಬೇಗ ಅಂಟುತ್ತದೆ.

ಉಕ್ಕಿನ ವಿಷಯ ಕೊನೆಗೆ ತಂದದ್ದು ಬೇಕಂತಲೇ. ಹುಡುಕಾಟದಲ್ಲಿ ಎಲ್ಲರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ, ಕೈಗೆ ಅದರಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಬೆವರುವ ಮೈಯಾದರೆ ಸ್ಟೇನ್‌ಲೆಸ್ ತಗೊಳ್ಳಿ. ದಿನಾ ಒರೆಸಿಡುವ ತಾಳ್ಮೆ ಇದ್ದರೆ ಕಾರ್ಬನ್ ಸ್ಟೀಲ್. ಅದು ಬರಬರುತ್ತಾ ಬೂದು ನೀಲಿಗೆ ತಿರುಗುತ್ತದೆ. ಆ ಬಣ್ಣವನ್ನು ಉಜ್ಜಿ ತೆಗೆಯಬೇಡಿ, ಕೆಂಪು ಕಂಡರೆ ಮಾತ್ರ ಅದು ತುಕ್ಕು. ಮಸೆಯುವುದೂ ಅದನ್ನು ಸುಲಭ.

ಆ ಸ್ಟಾಕ್‌ಮನ್ ಈಗಲೂ ನನ್ನ ಜೇಬಲ್ಲೇ ಇದೆ. ಕ್ಲಿಪ್ ಅಲಗು ವರ್ಷಕ್ಕೊಮ್ಮೆ ಎಣ್ಣೆ ಹಾಕುವಾಗ ತೆರೆದರೆ ಉಂಟು, ಕೆಲಸವೆಲ್ಲ ಶೀಪ್ಸ್‌ಫುಟ್‌ನದು. ಭಾನುವಾರ ಮಸೆಗಲ್ಲಿನ ಮೇಲೆ ಎಳೆದಾಗ ಬಾಯಿಯ ಆಚೆ ಬದಿಗೆ ಉಕ್ಕಿನ ಸಣ್ಣ ಮುಳ್ಳು ಏಳುತ್ತದಲ್ಲ, ಈಚೆ ಬದಿ ಮಸೆದದ್ದು ಸಾಕು ಅಂತ ಹೇಳುವುದೇ ಅದು. ಮುಂಚೆ ಬಲಗೈ ತೋರುಬೆರಳನ್ನು ಅಡ್ಡ ಸವರಿ ಅದನ್ನು ಹುಡುಕುತ್ತಿದ್ದೆ. ಈಗ ಆ ಬೆರಳಿಗೆ ಅದು ತಿಳಿಯುವುದಿಲ್ಲ, ಎಡಗೈ ಹೆಬ್ಬೆರಳಿಂದ ನೋಡುತ್ತೇನೆ.