ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಿಡಿಎಸ್‌ಗೆ ಯಾವ ಕಾಲೇಜು?

ಪ್ರಶ್ನೆ: ಮಗಳ ನೀಟ್ ರ‍್ಯಾಂಕ್‌ಗೆ ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಗುವಂತಿದೆ. ಕಲಬುರಗಿಯಲ್ಲೇ ಓದಿಸಬೇಕೋ, ಬೆಂಗಳೂರಿಗೆ ಕಳಿಸಬೇಕೋ? ದೊಡ್ಡ ಊರಿನ ಕಾಲೇಜೇ ಚಲೋ ಅಂತ ಎಲ್ಲರೂ ಹೇಳ್ತಾರೆ. (ಶಹಾಪುರದ ತಂದೆ)

ಉತ್ತರ: ಎರಡೂ ಕಡೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಗಿದ್ದರೆ ಪಠ್ಯ ಅದೇ, ಪ್ರಶ್ನೆಪತ್ರಿಕೆ ಅದೇ, ಪದವಿಯೂ ಅದೇ. ಮೊದಲೆರಡು ವರ್ಷ ಅಂಗರಚನೆ, ಔಷಧಶಾಸ್ತ್ರ, ಪ್ಲಾಸ್ಟರ್ ಮತ್ತು ಮೇಣದ ಕೆಲಸ. ಅಲ್ಲಿಯವರೆಗೆ ಊರಿನಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಮೂರನೇ ವರ್ಷ ಚೇರಿನ ಪಕ್ಕ ನಿಂತಾಗ ರೋಗಿ ಇದ್ದಾರೋ ಇಲ್ಲವೋ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಕಲಬುರಗಿಯಲ್ಲಿ ಇಎಸ್‌ಐಸಿ (ಕಾರ್ಮಿಕರ ರಾಜ್ಯ ವಿಮಾ ನಿಗಮ), ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ, ಅಲ್-ಬದರ್ ಕಾಲೇಜುಗಳಿವೆ, ಬೀದರ್‌ನಲ್ಲಿ ಎಸ್.ಬಿ. ಪಾಟೀಲ್ ಕಾಲೇಜಿದೆ. ಪಟ್ಟಿಯಲ್ಲಿರುವ ಪ್ರತಿ ಕಾಲೇಜಿಗೂ ರಜೆಯಿಲ್ಲದ ದಿನ, ಬೆಳಿಗ್ಗೆ ಹತ್ತೂವರೆ ಸುಮಾರಿಗೆ, ಮುಂಚೆ ತಿಳಿಸದೆ ಹೋಗಿ. ಒಪಿಡಿ (ಹೊರರೋಗಿ ವಿಭಾಗ) ಚೀಟಿ ಕೌಂಟರಿನ ಎದುರು ಒಂದು ತಾಸು ಕುಳಿತುಕೊಳ್ಳಿ. ಹಲ್ಲು ಕೀಳುವ ಕೆಲಸ ಎಲ್ಲ ಕಡೆಯೂ ಧಾರಾಳ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರೂಟ್ ಕೆನಾಲ್ ವಿಭಾಗದಲ್ಲಿ ಎಷ್ಟು ಚೇರು ತುಂಬಿವೆ, ಅಲ್ಲಿ ಕೆಲಸ ಮಾಡುತ್ತಿರುವವರು ನಾಲ್ಕನೇ ವರ್ಷದವರೋ ಅಥವಾ ಬರೀ ಎಂಡಿಎಸ್‌ (ಸ್ನಾತಕೋತ್ತರ) ಓದುವವರೋ ನೋಡಿ. ಎಂಡಿಎಸ್ ಇದ್ದರೆ ಕಲಿಸುವವರು ಹೆಚ್ಚು, ನಿಜ. ಆದರೆ ರೋಗಿಗಳು ಕಡಿಮೆ ಇರುವ ಕಡೆ ಒಳ್ಳೆಯ ಕೇಸುಗಳು ಅವರ ಪಾಲಾಗುತ್ತವೆ.

ಪೂರ್ಣ ಹಲ್ಲಿನ ಸೆಟ್ಟಿನ ಬಗ್ಗೆ ತಪ್ಪದೆ ವಿಚಾರಿಸಿ. ಮೊದಲ ಅಚ್ಚು, ಎರಡನೇ ಅಚ್ಚು, ದವಡೆಯ ಅಳತೆ, ಮೇಣದ ಸೆಟ್ಟಿನ ಪರೀಕ್ಷೆ, ಕೊನೆಗೆ ಕೂರಿಸುವುದು: ಒಂದು ಸೆಟ್ಟಿಗೆ ಅಜ್ಜಿ ಐದು ಸಲವಾದರೂ ಬರಬೇಕು. ಬಿತ್ತನೆ, ರಾಶಿ ಬಂದರೆ ಹಳ್ಳಿಯವರು ಮೂರನೇ ಸಲಕ್ಕೆ ಬರುವುದೇ ಇಲ್ಲ, ವಿದ್ಯಾರ್ಥಿ ಮುಗಿಸಬೇಕಾದ ಕೇಸುಗಳ ಕೋಟಾ ಅರ್ಧಕ್ಕೇ ನಿಲ್ಲುತ್ತದೆ. ರೋಗಿಗಳನ್ನು ಕರೆತರಲು ಕಾಲೇಜಿನ ಬಸ್ಸಿದೆಯೇ, ಸೆಟ್ಟು ಕಾಲೇಜಿನ ಲ್ಯಾಬಿನಲ್ಲೇ ತಯಾರಾಗುತ್ತದೆಯೇ ಎಂದು ಫೈನಲ್ ಇಯರ್ ಹುಡುಗರನ್ನು ಕೇಳಿ. ಪ್ರವೇಶ ವಿಭಾಗದವರಿಗಿಂತ ಅವರು ನೆಟ್ಟಗೆ ಹೇಳುತ್ತಾರೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಒಂದು ಅನುಕೂಲವೂ ಇದೆ, ಹೇಳಿಕೊಳ್ಳಲು ಸಂಕಟವಾದರೂ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಕಂದುಗಟ್ಟಿದ ಹಲ್ಲು, ಗುಟ್ಕಾದಿಂದ ಬಾಯಿ ತೆರೆಯದಂತಾದ ಹುಡುಗರು ಇಲ್ಲಿನ ಒಪಿಡಿಗೆ ಬರುತ್ತಲೇ ಇರುತ್ತಾರೆ. ಹೀಗೆ ಫ್ಲೋರೋಸಿಸ್ ಆದ ಎನಾಮಲ್ (ಹಲ್ಲಿನ ಹೊರಪದರ) ಫಿಲ್ಲಿಂಗಿಗೆ ಮುನ್ನ ಹಚ್ಚುವ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಹಾಗಾಗಿ ಅದರ ಮೇಲೆ ಫಿಲ್ಲಿಂಗ್ ಸರಿಯಾಗಿ ಅಂಟುವುದು ಕಷ್ಟ. ಆ ಕೈಚಳಕ ಬರುವುದು ಅಂಥ ಹಲ್ಲಿನ ಮೇಲೆ ಕೆಲಸ ಮಾಡಿದಾಗಲೇ.

ಪ್ರಶ್ನೆ: ಭಾಲ್ಕಿಯವಳು. ಹತ್ತನೇ ತರಗತಿವರೆಗೆ ಇಲ್ಲೇ ಓದಿ, ಹನ್ನೊಂದು-ಹನ್ನೆರಡನ್ನು ಲಾತೂರಿನಲ್ಲಿ ಮುಗಿಸಿದೆ. ಕರ್ನಾಟಕದ ಕೋಟಾ ಹೋಯಿತೇ?

ಉತ್ತರ: ಹೋಗಿಲ್ಲ. ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಇಲ್ಲಿ ಪಾಸಾಗಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಹತೆ ಸಿಗುತ್ತದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಮಾಡಿಸಿಕೊಳ್ಳಿ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಬೇರೆಯೇ ಕಾಗದ. ಅದಕ್ಕೆ ಓದಿದ ಊರು ಲೆಕ್ಕಕ್ಕಿಲ್ಲ. ಹುಟ್ಟು, ವಾಸ, ತಂದೆತಾಯಿಯ ಅರ್ಹತೆ ನೋಡಿ ಉಪವಿಭಾಗದ ಸಹಾಯಕ ಆಯುಕ್ತರು ಕೊಡುತ್ತಾರೆ. ನಮ್ಮ ಭಾಗದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ 70%, ರಾಜ್ಯದ ಉಳಿದೆಡೆ 8% ಸೀಟು ಸ್ಥಳೀಯರಿಗೆ ಮೀಸಲು. ಫಲಿತಾಂಶ ಬಂದ ಮೇಲೆ ಕಚೇರಿಯಲ್ಲಿ ನೂಕುನುಗ್ಗಲು, ಈಗಲೇ ಅರ್ಜಿ ಹಾಕಿ.

ಪ್ರಶ್ನೆ: ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ) ಸಿಗುವಂಥ ಕಾಲೇಜನ್ನೇ ಮೇಲೆ ಹಾಕಬೇಕೇ? (ಆಳಂದ)

ಉತ್ತರ: ಬೇಡ. ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಸಿಗದ ಕಾಲೇಜು ಮೇಲಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ಸಿಗುವುದನ್ನು ಮೇಲಿಟ್ಟರೆ ಅಲ್ಲೇ ಸೀಟು ಕೊಟ್ಟು ನಿಂತುಬಿಡುತ್ತದೆ. ಇಷ್ಟವಿದ್ದ ಕ್ರಮದಲ್ಲೇ ಬರೆಯಿರಿ. ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋದಾಗ ಮೇಲಿನ ಕಾಲೇಜು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಆದ್ದರಿಂದ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೆ ಸೇರಿಸಲೇಬೇಡಿ. ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಒಂದೇ ಕಾಲೇಜಿನಲ್ಲಿ ಶುಲ್ಕ ಬಹಳ ಬೇರೆ, ಸೀಟಿನ ಸಂಕೇತ (ಕೋಡ್) ನೋಡಿ ತುಂಬಿ. ಉಪಕರಣಗಳ ಕಿಟ್, ಟೈಪೊಡಾಂಟ್ (ಅಭ್ಯಾಸಕ್ಕಿರುವ ಕೃತಕ ದವಡೆ) ಮಾದರಿ, ಹಾಸ್ಟೆಲ್‌ಗಳಿಗೆ ಬೇರೆ ಹಣ ಕೇಳುತ್ತಾರೆ, ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ಅಪ್ಪ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ಏನಾದರೂ ಅನುಕೂಲವಿದೆಯೇ?

ಉತ್ತರ: ಇದೆ. ಇಎಸ್‌ಐಸಿ ಕಾಲೇಜುಗಳಲ್ಲಿ ವಿಮೆ ಹೊಂದಿದ ಕಾರ್ಮಿಕರ ಮಕ್ಕಳಿಗೆ ಸೀಟುಗಳು ಮೀಸಲಿವೆ. ಅವು ತುಂಬುವುದು ದೆಹಲಿಯ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ನಡೆಸುವ ಕೌನ್ಸೆಲಿಂಗ್‌ನಲ್ಲಿ. ಬರೀ ಕೆಇಎಯಲ್ಲಿ ನೋಂದಣಿ ಮಾಡಿ ಕುಳಿತವರು ಇದನ್ನು ಕಳೆದುಕೊಳ್ಳುತ್ತಾರೆ. ಅಪ್ಪನ ವಿಮಾ ಸಂಖ್ಯೆಯಿಂದ ಇಎಸ್‌ಐಸಿ ಪೋರ್ಟಲ್‌ನಲ್ಲಿ ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದಕ್ಕೂ ಮೊದಲು ವಂತಿಗೆ ನಿಜಕ್ಕೂ ಜಮೆಯಾಗಿದೆಯೇ ನೋಡಿ. ಗುತ್ತಿಗೆದಾರ ಬದಲಾದಾಗ ನಡುವೆ ತಿಂಗಳುಗಳು ಬಿಟ್ಟುಹೋಗಿರುವುದು, ದಾಖಲೆಯಲ್ಲಿ ಮಗಳ ಹೆಸರೇ ಸೇರದಿರುವುದು ಸಾಮಾನ್ಯ. ಹೆಸರು, ಜನ್ಮದಿನಾಂಕ ಅಂಕಪಟ್ಟಿಯಲ್ಲಿದ್ದಂತೆಯೇ ಇರಬೇಕು.