ಸಾಲುಗಳ ನಡುವೆ ಒಂದು ಬಿಡುವು

ಪ್ರಶ್ನೆ: ನನಗೆ 34 ವರ್ಷ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ತೊಡಕು, ಇದೆ ಎಂದು ತಿಳಿದದ್ದು ಮೂರು ವರ್ಷಗಳ ಹಿಂದೆ. ಕಚೇರಿಯ ಸಭೆಯಲ್ಲಿ ಎಲ್ಲರೆದುರು ವರದಿ ಓದಬೇಕಾದಾಗ ಅಂಗೈ ಬೆವರುತ್ತದೆ. ಮನೆಯಲ್ಲಿ ಸರಾಗವಾಗಿ ಓದಿದ್ದ ಸಾಲೇ ಅಲ್ಲಿ ಗುರುತು ಸಿಗದಂತಾಗುತ್ತದೆ. ನಡುವೆ ನಿಂತು ಉಸಿರನ್ನು ಗಮನಿಸಿದರೆ ಮನಸ್ಸು ಹತೋಟಿಗೆ ಬರುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಪ್ರಯತ್ನಿಸಿದೆ, ಗಾಬರಿ ಇನ್ನಷ್ಟು ಹೆಚ್ಚಾಯಿತು. ಈ ವಿಧಾನದಲ್ಲಿ ಹುರುಳಿದೆಯೇ? ಇದರಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗುಣವಾಗುವುದಿಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಹೊಂದಿಸುವ ಕೆಲಸ ಕೆಲವರ ಮಿದುಳಿಗೆ ಹುಟ್ಟಿನಿಂದಲೇ ಕಷ್ಟವಾಗಿರುತ್ತದೆ, ಎಷ್ಟೋ ವೇಳೆ ಒಂದೇ ಕುಟುಂಬದ ಹಲವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಓದು ಸುಧಾರಿಸಬೇಕಾದರೆ ಧ್ವನಿ ಮತ್ತು ಅಕ್ಷರಗಳ ಸಂಬಂಧವನ್ನು ಹಂತ ಹಂತವಾಗಿ ಕಲಿಸುವ ಪಾಠವೇ ಬೇಕು. ಆ ಜಾಗವನ್ನು ಯಾವ ಧ್ಯಾನವೂ ತುಂಬಲಾರದು. ಹಾಗೆಂದು ನಿಮ್ಮ ಸ್ನೇಹಿತರ ಮಾತು ಹುರುಳಿಲ್ಲದ್ದಲ್ಲ. ಬಿಡುವು ನೆರವಾಗುವುದು ಓದಿನ ತೊಡಕಿಗಲ್ಲ, ಆ ತೊಡಕಿನ ಮೇಲೆ ವರ್ಷಗಳಿಂದ ಬೆಳೆದು ಕೂತಿರುವ ಭಯಕ್ಕೆ.

ಓದು ರೂಢಿಯಾದವರು ಪದವನ್ನು ನೋಡಿದೊಡನೆ ಗುರುತಿಸುತ್ತಾರೆ. ನೀವು ಅದನ್ನು ಬಿಡಿಸಿ, ಕೂಡಿಸಿ, ವಾಕ್ಯ ಮುಗಿಯುವವರೆಗೆ ಹಿಂದಿನ ಪದಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಮುಂದೆ ಸಾಗಬೇಕು. ಹೀಗೆ ಕ್ಷಣಕಾಲ ಹಿಡಿದಿಡುವ ನೆನಪಿನ ಜಾಗ ಎಲ್ಲರಲ್ಲೂ ಕಿರಿದು. ‘ಎಲ್ಲರೂ ನೋಡುತ್ತಿದ್ದಾರೆ, ಈಗ ತಪ್ಪುತ್ತೇನೆ’ ಎಂಬ ಯೋಚನೆ ಆ ಕಿರಿದಾದ ಜಾಗದೊಳಕ್ಕೇ ನುಗ್ಗಿ ಕೂತರೆ ಪದಗಳಿಗೆ ಎಡೆಯೆಲ್ಲಿ? ನಿಮಗೆ ಓದು ಮರೆತುಹೋಗಿರಲಿಲ್ಲ, ಅದಕ್ಕೆ ಬೇಕಾದ ಜಾಗವನ್ನು ಭಯ ಆಕ್ರಮಿಸಿತ್ತು. ಮನೆಯಲ್ಲಿ ಓದಿದ ಸಾಲು ಸಭೆಯಲ್ಲಿ ಕೈಕೊಟ್ಟದ್ದು ಇದರಿಂದಲೇ ಎಂದು ನಾನು ನಂಬುತ್ತೇನೆ.

ನಿಮ್ಮ ಪ್ರಯತ್ನ ಫಲಿಸದೆ ಇರಲು ಎರಡು ಕಾರಣಗಳಿರಬಹುದು. ಗಾಬರಿ ನೆತ್ತಿಗೇರಿದ ಮೇಲೆ ಮೊದಲ ಬಾರಿಗೆ ಇದನ್ನು ಮಾಡಹೊರಟಿರಿ. ಈಜನ್ನು ಪ್ರವಾಹದಲ್ಲಿ ಬಿದ್ದ ಮೇಲೆ ಕಲಿಯಲಾಗುವುದಿಲ್ಲ. ಎರಡನೆಯದು, ಎದೆ ಬಿಗಿಹಿಡಿದಿರುವಾಗ ಉಸಿರನ್ನೇ ನೋಡುತ್ತಾ ಕೂತರೆ ಕೆಲವರಿಗೆ ಉಸಿರುಕಟ್ಟಿದಂತಾಗಿ ಭಯ ಇಮ್ಮಡಿಸುತ್ತದೆ. ಅಂಥವರು ಉಸಿರನ್ನು ಬಿಟ್ಟು ನೆಲಕ್ಕೆ ಒತ್ತಿರುವ ಅಂಗಾಲಿನ ಮೇಲೆ ಗಮನ ಇಡುವುದು ಮೇಲು. ಹಿಮ್ಮಡಿ ಎಲ್ಲಿ ತಾಗಿದೆ, ಹೆಬ್ಬೆರಳಿನ ಮೇಲೆ ಭಾರ ಎಷ್ಟಿದೆ ಎಂದು ನೋಡಿಕೊಂಡರೆ ಸಾಕು.

ಹೀಗೆ ಮಾಡಿ ನೋಡಿ. ಎರಡು ವಾರ ದಿನಕ್ಕೆ ನಾಲ್ಕೈದು ಸಲ, ಯಾವ ಆತಂಕವೂ ಇಲ್ಲದ ಹೊತ್ತಿನಲ್ಲಿ, ಹತ್ತು ಸೆಕೆಂಡು ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ: ಬಾಗಿಲು ತೆರೆಯುವ ಮುನ್ನ, ಫೋನ್ ಎತ್ತಿಕೊಳ್ಳುವ ಮುನ್ನ. ಅಂಗಾಲಿನತ್ತ ಗಮನ ಹರಿಸಿ. ಉಸಿರು ನಿಮಗೆ ಹಿತವೆನಿಸಿದರೆ ಮಾತ್ರ ಒಮ್ಮೆ ಸಹಜವಾಗಿ ಒಳಗೆಳೆದುಕೊಂಡು, ಬಿಡುವಾಗ ಅದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಒಳಹೋಗುವಾಗ ಎದೆಬಡಿತ ತುಸು ಚುರುಕಾಗಿ, ಹೊರಬರುವಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ತುಸು ನಿಧಾನವಾಗುತ್ತದೆ. ಆದ್ದರಿಂದ ನಿಶ್ವಾಸವನ್ನು ಉದ್ದವಾಗಿಸುವುದಕ್ಕೆ ಅರ್ಥವಿದೆ. ಇದು ರೂಢಿಯಾದ ಮೇಲೆ ಸಭೆಯ ಹಿಂದಿನ ದಿನ ವರದಿಯ ಪ್ರತಿ ಪ್ಯಾರಾದ ಕೊನೆಗೆ ಪೆನ್ಸಿಲಿನಲ್ಲಿ ಒಂದು ಓರೆಗೆರೆ ಎಳೆದುಕೊಳ್ಳಿ. ಓದುತ್ತಾ ಆ ಗೆರೆ ಬಂದಾಗ ಹೆಬ್ಬೆರಳನ್ನು ಅದರ ಮೇಲಿಟ್ಟು ನಿಲ್ಲಿ, ಕಾಗದದಿಂದ ಕಣ್ಣೆತ್ತಿ, ಕಾಲಡಿಯ ನೆಲವನ್ನು ಗಮನಿಸಿ, ನಂತರ ಮುಂದಿನ ಸಾಲಿಗೆ ಬನ್ನಿ. ನಿಮಗೆ ಯುಗವೆನಿಸುವ ಆ ಮೌನ ಕೇಳುಗರಿಗೆ ಓದುವವರು ಸಹಜವಾಗಿ ಕೊಟ್ಟ ಬಿಡುವಿನಂತೆ ಕಾಣುತ್ತದೆ. ‘ನಾನು ಶಾಂತನಾಗಲೇಬೇಕು’ ಎಂಬ ಹಟ ಮಾತ್ರ ಬೇಡ. ‘ಎದೆ ಹೊಡೆದುಕೊಳ್ಳುತ್ತಿದೆ, ಇರಲಿ’ ಎಂದು ಗಮನಿಸಿ ಮುಂದುವರಿದರೂ ಬಿಡುವು ತನ್ನ ಕೆಲಸ ಮಾಡಿರುತ್ತದೆ.

ಇನ್ನೊಂದು ಮಾತು. ವರದಿಯನ್ನು ಮುಂಚಿತವಾಗಿ ಕೊಡಿ ಎಂದು ಕೇಳುವುದು, ಓದುವ ಬದಲು ನನ್ನ ಮಾತಿನಲ್ಲೇ ಹೇಳುತ್ತೇನೆ ಎನ್ನುವುದು ಸೋಲಲ್ಲ. ಅನುಕೂಲ ಕೇಳಬೇಕಾದ ಕಡೆ ಕೇಳದೆ ಎಲ್ಲವನ್ನೂ ಉಸಿರಿನಿಂದಲೇ ನಿಭಾಯಿಸಬೇಕೆಂದು ನಿಮ್ಮ ಮೇಲೆ ನೀವೇ ಹೊರೆ ಹೇರಿಕೊಳ್ಳಬೇಡಿ.

ಪ್ರಶ್ನೆ: ಡಿಸ್ಲೆಕ್ಸಿಯಾ ಇರುವ ನನ್ನ ಮಗನಿಗೆ ಹತ್ತು ವರ್ಷ. ಪ್ರತಿ ಸಂಜೆ ಹೋಂವರ್ಕ್ ಅಳುವಿನಲ್ಲೇ ಮುಗಿಯುತ್ತದೆ. ‘ಕಣ್ಣು ಮುಚ್ಚು, ದೀರ್ಘವಾಗಿ ಉಸಿರೆಳೆದುಕೋ’ ಎಂದರೆ ಪುಸ್ತಕ ಎಸೆಯುತ್ತಾನೆ. ಮನೆಯ ಹಿರಿಯರು ಇದು ಬರೀ ಸೋಮಾರಿತನ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಮ್ಮನಾಗಿ ನೀವು ಪಡುತ್ತಿರುವ ಸಂಕಟ ಅರ್ಥವಾಗುತ್ತದೆ. ಹಿರಿಯರಿಗೆ ಒಂದು ಹಳೆಯ ಸಂಗತಿ ಹೇಳಿ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು, ಬುದ್ಧಿವಂತನಾಗಿದ್ದೂ ಓದಲು ಬಾರದ 14 ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಚುರುಕಾಗಿರುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಅಷ್ಟು ಹಿಂದೆಯೇ ಇದು ಸೋಮಾರಿತನವಲ್ಲ ಎಂದು ಗುರುತಿಸಿದವರಿದ್ದರು.

ಇನ್ನು ಉಸಿರಿನ ವಿಚಾರ. ಸೋತು ಕೂತಿರುವ ಮಗುವಿಗೆ ‘ಶಾಂತವಾಗು’ ಎಂಬುದು ಇನ್ನೊಂದು ಹೋಂವರ್ಕ್ ಆಗಿ ಕೇಳಿಸುತ್ತದೆ, ಅದರಲ್ಲೂ ತಾನು ತಪ್ಪಿದೆ ಎಂಬ ಭಾವ ಮೂಡುತ್ತದೆ. ಆದ್ದರಿಂದ ಅವನಿಗೆ ಹೇಳುವುದನ್ನು ಬಿಟ್ಟು ಮೊದಲು ನೀವೇ ನಿಲ್ಲಿ. ‘ನನಗೂ ದಣಿವಾಯಿತು, ಸ್ವಲ್ಪ ನಿಲ್ಲೋಣ’ ಎಂದು ಪುಸ್ತಕ ಮುಚ್ಚಿ, ನಿಮ್ಮ ಎಡಗೈಯನ್ನು ಮೇಜಿನ ಮೇಲೆ ಅಗಲವಾಗಿ ಹರಡಿ, ಬಲಗೈ ತೋರುಬೆರಳಿನಿಂದ ಪ್ರತಿ ಬೆರಳಿನ ಅಂಚನ್ನು ಸವರುತ್ತಾ ಹೋಗಿ; ಮೇಲೇರುವಾಗ ಉಸಿರು ಒಳಕ್ಕೆ, ಇಳಿಯುವಾಗ ಹೊರಕ್ಕೆ. ಅವನು ಸೇರಿಕೊಂಡರೆ ಒಳ್ಳೆಯದು, ಸುಮ್ಮನೆ ನೋಡುತ್ತಿದ್ದರೂ ಆಯಿತು. ಕಣ್ಣು ಮುಚ್ಚಬೇಕಾದ ಅಗತ್ಯವಿಲ್ಲ.

ಯಾವಾಗ ನಿಲ್ಲಬೇಕು ಎಂಬುದೇ ಇಲ್ಲಿ ಮುಖ್ಯ. ಅಳು ಬಂದ ಮೇಲೆ ತಡವಾಗಿರುತ್ತದೆ. ಅದಕ್ಕೂ ಮುಂಚೆ ದನಿ ಕುಗ್ಗುತ್ತದೆ, ಕಾಲು ಅಲುಗತೊಡಗುತ್ತದೆ, ಕಣ್ಣುಜ್ಜಿಕೊಳ್ಳುತ್ತಾನೆ, ಬಾಯಾರಿಕೆ ಎನ್ನುತ್ತಾನೆ, ‘ಥ’ ಯಾವುದು ‘ಧ’ ಯಾವುದು ಎಂದು ನೋಡದೆ ಊಹಿಸಿ ಓದತೊಡಗುತ್ತಾನೆ. ಒಂದು ವಾರ ಏನನ್ನೂ ತಿದ್ದದೆ ಈ ಸೂಚನೆಗಳನ್ನಷ್ಟೇ ಗಮನಿಸಿ. ನಿಮ್ಮ ಮಗನದು ಯಾವುದು ಎಂದು ತಿಳಿಯುತ್ತದೆ. ಸಾಧ್ಯವಾದರೆ ಅವನು ಸರಿಯಾಗಿ ಓದಿದ ಪದದ ಬಳಿಯೇ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರುಮಾಡಿ. ಬಿಡುವಿನ ಹೆಸರಿನಲ್ಲಿ ಅವನಿಂದ ಇನ್ನೂ ಹೆಚ್ಚು ಹೊತ್ತು ಓದಿಸುವ ಆಸೆಗೆ ಬೀಳಬೇಡಿ. ದಿನವೂ ಅಳುವಷ್ಟು ಹೋಂವರ್ಕ್ ಇದ್ದರೆ ಅದನ್ನು ಕಡಿಮೆ ಮಾಡಿಸಲು ಅವನ ಟೀಚರ್ ಜೊತೆ ಮಾತಾಡಲೇಬೇಕು.

ಪ್ರಶ್ನೆ: ಡಿಸ್ಲೆಕ್ಸಿಯಾ ಇರುವುದರಿಂದ ಪರೀಕ್ಷೆಯಲ್ಲಿ ನನಗೆ ಹೆಚ್ಚುವರಿ ಸಮಯ ಕೊಟ್ಟಿದ್ದಾರೆ. ನಡುವೆ ಬಿಡುವು ತೆಗೆದುಕೊಂಡರೆ ಅದೂ ವ್ಯರ್ಥವಾಗುವುದಿಲ್ಲವೇ?

ಉತ್ತರ: ಒಂದೇ ಪ್ರಶ್ನೆಯನ್ನು ಗಾಬರಿಯಲ್ಲಿ ನಾಲ್ಕು ಸಲ ಓದುವುದಕ್ಕೆ ತಗಲುವ ಸಮಯ ಹತ್ತು ಸೆಕೆಂಡಿನ ಬಿಡುವಿಗಿಂತ ಹೆಚ್ಚು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಮ್ಮೆ, ಪುಟ ತಿರುಗಿಸುವಾಗಲೆಲ್ಲ ಒಮ್ಮೆ ನಿಂತರೆ ಸಾಕು. ಕಣ್ಣು ಸಾಲಿನ ಕೊನೆ ಮುಟ್ಟಿಯೂ ತಲೆಗೆ ಏನೂ ಹೋಗಿಲ್ಲ ಎನಿಸಿದರೆ ಪೆನ್ನನ್ನು ಕೆಳಗಿಟ್ಟು, ಹೆಗಲು ಸಡಿಲಿಸಿ, ಒಮ್ಮೆ ಉದ್ದವಾಗಿ ಉಸಿರು ಬಿಡಿ. ಆಮೇಲೆ ಸಾಲನ್ನು ಮೊದಲಿನಿಂದ ಓದದೆ ‘ವಿವರಿಸಿ’, ‘ಹೋಲಿಸಿ’, ‘ಕಾರಣ ಕೊಡಿ’ ಎಂಬ ಪದವನ್ನು ಹುಡುಕಿ ಅದರ ಕೆಳಗೆ ಗೆರೆ ಎಳೆದು, ಅಲ್ಲಿಂದ ಹಿಂದಕ್ಕೆ ಪ್ರಶ್ನೆಯನ್ನು ಬಿಡಿಸಿಕೊಳ್ಳುತ್ತಾ ಬನ್ನಿ.